ಬಿಸಿಯಾದ್ರೆ ಮಾತ್ರ ಒಳ್ಳೇ ಸೌಂಡಾ?

ದುಬಾರಿ ಆಂಪ್ಲಿಫೈಯರ್ ಇಟ್ಟುಕೊಂಡವರು ಮನೆಗೆ ಬಂದವರಿಗೆ ಮೊದಲು ಹಾಡು ಕೇಳಿಸಲ್ಲ, "ಮುಟ್ಟಿ ನೋಡಿ" ಅಂತಾರೆ. ದೋಸೆ ಹೆಂಚಿನ ಥರ ಕಾದಿದ್ರೆ ಅದೇ ಅದರ ಸರ್ಟಿಫಿಕೇಟು. ಕ್ಲಾಸ್-ಎ ಅನ್ನೋ ಈ ಜಾತಿಯ ಆಂಪ್ಲಿಫೈಯರ್ ಬಗ್ಗೆ ಬರೋ ವಿಮರ್ಶೆಗಳಲ್ಲೂ ಬಿಸಿಯ ವಿಷಯ ಸಾಮಾನ್ಯವಾಗಿ "ಗಾಳಿಯಾಡೋ ಜಾಗದಲ್ಲಿಡಿ" ಅನ್ನೋ ಒಂದು ಸಾಲಲ್ಲಿ ಮುಗಿದುಹೋಗುತ್ತೆ. ನನ್ನ ತಕರಾರು ಇರೋದು ಅಲ್ಲೇ. ನಮ್ಮಂಥವರ ಮನೆಗಳಲ್ಲಿ ಆ ಬಿಸಿ ಸೌಂಡನ್ನೇ ಕೆಡಿಸುತ್ತೆ. ಸೌಂಡಿಗೆ ಮಾರ್ಕ್ಸ್ ಕೊಡೋವಾಗ ಅದನ್ನೂ ಲೆಕ್ಕಕ್ಕೆ ತಗೋಬೇಕು.

ಈ ಬಿಸಿ ಎಲ್ಲಿಂದ ಬರುತ್ತೆ? ಹಾಡಿನ ಅಲೆಗೆ ಮೇಲಿನ ಅರ್ಧ, ಕೆಳಗಿನ ಅರ್ಧ ಅಂತ ಎರಡು ಭಾಗ. ಮಾಮೂಲಿ ಕ್ಲಾಸ್-ಎಬಿ ಆಂಪ್ಲಿಫೈಯರ್‌ನಲ್ಲಿ ಸೌಂಡ್ ಒಂದು ಮಟ್ಟ ದಾಟಿದ ಮೇಲೆ ಮೇಲಿನದನ್ನ ಒಂದು ಟ್ರಾನ್ಸಿಸ್ಟರ್, ಕೆಳಗಿನದನ್ನ ಇನ್ನೊಂದು ನೋಡಿಕೊಳ್ಳುತ್ತೆ. ಒಂದು ಬಿಟ್ಟು ಇನ್ನೊಂದು ಹಿಡಿಯೋ ಜಾಗದಲ್ಲಿ ಸಣ್ಣ ಎಡವಟ್ಟಾಗಬಹುದು. ಕ್ಲಾಸ್-ಎನಲ್ಲಿ ಯಾವುದೂ ಕೈಬಿಡೋದೇ ಇಲ್ಲ, ಎಲ್ಲದರಲ್ಲೂ ಸದಾ ಕರೆಂಟ್ ಹರೀತಾನೇ ಇರುತ್ತೆ. ಪಂಪ್‌ಸೆಟ್ ದಿನವಿಡೀ ಓಡಿಸಿ, ಬೇಕಾದಾಗ ಮಾತ್ರ ನೀರನ್ನ ಪಾತಿಗೆ ತಿರುಗಿಸಿ, ಉಳಿದಿದ್ದನ್ನೆಲ್ಲ ಹಳ್ಳಕ್ಕೆ ಬಿಟ್ಟ ಹಾಗೆ. ಆ ಹಳ್ಳ ಅಂದ್ರೆ ನಿಮ್ಮ ಹಾಲ್. ತಮಾಷೆ ಏನಪ್ಪಾ ಅಂದ್ರೆ, ಹಾಡು ನಿಂತಾಗಲೇ ಪೆಟ್ಟಿಗೆ ಅತಿ ಹೆಚ್ಚು ಬಿಸಿಯಾಗೋದು. ಆಗ ಸ್ಪೀಕರ್ ಕಡೆ ಏನೂ ಹೋಗ್ತಿರಲ್ಲವಲ್ಲ!

ಅಂಕಿ ನೋಡಿ. ಪಾಸ್ ಲ್ಯಾಬ್ಸ್ ಕಂಪನಿಯ ಎಕ್ಸ್‌ಎ25 ಒಂದೊಂದು ಚಾನೆಲ್‌ಗೆ ಕೊಡೋದು 25 ವ್ಯಾಟ್, ಗೋಡೆಯ ಪ್ಲಗ್ಗಿಂದ ಎಳೆಯೋದು 240 ವ್ಯಾಟ್. ಸುಮ್ಮನೆ ಕೂತ ಮನುಷ್ಯನ ಮೈಯಿಂದ ಸುಮಾರು 100 ವ್ಯಾಟ್ ಬಿಸಿ ಹೊರಬರುತ್ತೆ. ಅಂದ್ರೆ ಎರಡು ಜನಕ್ಕಿಂತ ಹೆಚ್ಚು ನೆಂಟರು ಎದ್ದು ಹೋಗದೆ ಕೂತ ಹಾಗಾಯ್ತು. ದಿನಕ್ಕೆ 5 ಗಂಟೆ ಓಡಿಸಿದ್ರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ 200 ಯೂನಿಟ್ ಗಡಿಯ ಹತ್ತಿರ ಇರೋ ಮನೆಗೆ ಇದು ಸಣ್ಣ ಮಾತಲ್ಲ. ಗಡಿ ದಾಟಿದ್ರೆ ಇಡೀ ಬಿಲ್ ಕಟ್ಟಬೇಕು.

ಇಂಗ್ಲೆಂಡಿನ ಜಾನ್ ಲಿನ್ಸ್ಲಿ ಹುಡ್ 1969ರಲ್ಲಿ 'ವೈರ್‌ಲೆಸ್ ವರ್ಲ್ಡ್' ಪತ್ರಿಕೆಯಲ್ಲಿ 10 ವ್ಯಾಟ್‌ನ ಕ್ಲಾಸ್-ಎ ಆಂಪ್ಲಿಫೈಯರ್ ವಿನ್ಯಾಸ ಪ್ರಕಟಿಸಿದ. ಇವತ್ತಿಗೂ ಹವ್ಯಾಸಿಗಳು ಅದನ್ನ ಕಟ್ತಾರೆ. ಅಲ್ಲಿನ ಚಳಿಗಾಲದಲ್ಲಿ ರೂಮು ಸ್ವಲ್ಪ ಬೆಚ್ಚಗಾದ್ರೆ ಯಾರೂ ಬೇಡ ಅನ್ನಲ್ಲ. ಈಗ ಅದೇ ಪೆಟ್ಟಿಗೆಯನ್ನ ಏಪ್ರಿಲ್ ತಿಂಗಳಲ್ಲಿ ಅರಿಶಿನಕುಂಟೆಯ ಬಾಡಿಗೆ ಮನೆಯೊಳಗೆ ಇಡಿ. ತಲೆ ಮೇಲೆ ಹಗಲೆಲ್ಲ ಕಾದ ಆರ್‌ಸಿಸಿ ಸ್ಲ್ಯಾಬು, ರಾತ್ರಿ ಹತ್ತಾದ್ರೂ ಬಿಸಿ ಬಿಡ್ತಾನೇ ಇರುತ್ತೆ. ಕಿಟಕಿ ತೆಗೆದ್ರೆ ತುಮಕೂರು ಹೈವೇಯ ಲಾರಿ ಸದ್ದು, ಮುಚ್ಚಿದ್ರೆ ಬೇಯೋದು ನಾವೇ. ಕೊನೆಗೆ ಫ್ಯಾನ್ ಐದಕ್ಕೆ ಇಡ್ತೀವಿ.

ಸೋಲೋದು ಅಲ್ಲೇ. ಕ್ಲಾಸ್-ಎಗೆ ದುಡ್ಡು ಕೊಡೋದು ಸಣ್ಣ ಸದ್ದುಗಳಿಗೋಸ್ಕರ. ಮಲ್ಲಿಕಾರ್ಜುನ ಮನ್ಸೂರರು ಒಂದು ತಾನ ಮುಗಿಸಿ ಇನ್ನೊಂದು ಎತ್ತೋ ಮುಂಚೆ ಕೇಳೋ ತಂಬೂರಿಗೋಸ್ಕರ. ಫ್ಯಾನು ಮೊದಲು ನುಂಗೋದು ಅದನ್ನೇ. ಎಸಿ ಹಾಕ್ತೀನಿ ಅಂದ್ರೆ, ಆ 240 ವ್ಯಾಟ್ ಬಿಸಿಯನ್ನ ಹೊರಗೆ ಹಾಕೋಕೆ ಸುಮಾರು 80 ವ್ಯಾಟ್ ಮತ್ತೆ ಬೇಕು. ಜೊತೆಗೆ ಎಸಿಯದೇ ಸದ್ದು ಬೇರೆ.

ಹಾಗಂತ ಕ್ಲಾಸ್-ಎ ಬರೀ ಬೊಗಳೆ ಅಂತಲ್ಲ. ಕೈಬದಲಾವಣೆಯ ಎಡವಟ್ಟು ನಿಜ, ಅದನ್ನ ತಪ್ಪಿಸೋದೂ ನಿಜ. ಆದ್ರೆ ನಿಮಗೆ ಬೇಕಾಗೋ ಸೌಂಡ್ ಎಷ್ಟು? ಮಾಮೂಲಿ ಸ್ಪೀಕರ್ 1 ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ 87 ಡೆಸಿಬೆಲ್ ಆಸುಪಾಸು ಕೊಡುತ್ತೆ. 10×12ರ ರೂಮಿಗೆ ಅದೇ ಜೋರು. ಬಯಾಸ್ ಸ್ವಲ್ಪ ಧಾರಾಳವಾಗಿಟ್ಟ ಕ್ಲಾಸ್-ಎಬಿ ಆಂಪ್ಲಿಫೈಯರ್ ಆ ಮೊದಲ ಒಂದೆರಡು ವ್ಯಾಟ್‌ನಲ್ಲಿ ಕ್ಲಾಸ್-ಎ ಥರಾನೇ ಕೆಲಸ ಮಾಡುತ್ತೆ. ಹಾಡು ಜೋರಾಗಿ ಎದ್ದಾಗ ಮಾತ್ರ ಇನ್ನೊಂದು ದಾರಿ ಹಿಡಿಯುತ್ತೆ. ಕ್ಲಾಸ್-ಡಿ ಅಂತೂ ಪೂರ್ತಿ ಓಡುವಾಗ ಎಳೆದ ಕರೆಂಟಲ್ಲಿ 90 ಪರ್ಸೆಂಟ್‌ನಷ್ಟನ್ನ ಸ್ಪೀಕರ್‌ಗೇ ಕೊಡಬಲ್ಲದು.

ಬಿಸಿ ಪೆಟ್ಟಿಗೆಯನ್ನೂ ಬಿಡಲ್ಲ. ಒಳಗಿರೋ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಆಯಸ್ಸು ಪ್ರತಿ 10 ಡಿಗ್ರಿ ಬಿಸಿ ಏರಿದಂತೆ ಹೆಚ್ಚುಕಡಿಮೆ ಅರ್ಧ ಆಗುತ್ತೆ ಅನ್ನೋದು ಎಂಜಿನಿಯರ್‌ಗಳ ಮಾಮೂಲಿ ಲೆಕ್ಕ. ಟಿವಿ ಯೂನಿಟ್‌ನ ಮುಚ್ಚಿದ ಗೂಡಿನೊಳಗೆ ಇಟ್ಟವರು ಇದನ್ನ ನೆನಪಿಡಿ. ಸುತ್ತ, ಅದರಲ್ಲೂ ಮೇಲ್ಗಡೆ, ಗಾಳಿಗೆ ಜಾಗ ಬಿಡಿ. ಹಾಡು ಮುಗಿದ ಮೇಲೆ ಸ್ವಿಚ್ ಆಫ್ ಮಾಡಿ.

ಅಂಗಡಿಯಲ್ಲಿ ಡೆಮೋ ಕೊಡೋದು ಎಸಿ ರೂಮಲ್ಲಿ, ಅರ್ಧ ಗಂಟೆ. ಅಲ್ಲಿ ಎಲ್ಲಾ ಆಂಪ್ಲಿಫೈಯರ್ರೂ ತಣ್ಣಗೇ ಅನ್ಸುತ್ತೆ. ಎಷ್ಟು ವ್ಯಾಟ್ ಕೊಡುತ್ತೆ ಅಂತ ಎಲ್ಲರೂ ಕೇಳ್ತಾರೆ. ಸುಮ್ಮನೆ ಕೂತಿದ್ದಾಗ ಎಷ್ಟು ವ್ಯಾಟ್ ಎಳೆಯುತ್ತೆ ಅಂತ ನೀವು ಕೇಳಿ. ಆ ಅಂಕಿ ನೋಡಿದ ಮೇಲೂ ಏಪ್ರಿಲ್‌ನಲ್ಲಿ ಫ್ಯಾನ್ ಇಲ್ಲದೆ ಕೂತು ಕೇಳ್ತೀನಿ ಅನ್ನೋ ಧೈರ್ಯ ಇದ್ರೆ ಖಂಡಿತ ತಗೊಳ್ಳಿ.