ಎಪ್ಪತ್ತಕ್ಕೆ ನಾಲ್ಕು ಕಡಿಮೆ

ಕಳೆದ ಆಷಾಢದ ಒಂದು ಸಂಜೆ ನಮ್ಮ ಬೀದಿಯ ತಾಯಿಯೊಬ್ಬರು ನಾಲ್ಕಾಗಿ ಮಡಿಸಿದ ಕಾಗದವೊಂದನ್ನು ತಂದು ನನ್ನ ಮೇಜಿನ ಮೇಲಿಟ್ಟು, ನಾನು ಅದನ್ನು ಓದಿ ಮುಗಿಸುವವರೆಗೂ ಒಂದು ಮಾತನ್ನೂ ಆಡದೆ ಬಾಗಿಲಿಗೆ ಒರಗಿ ನಿಂತಿದ್ದರು. ಒಂಬತ್ತು ವರ್ಷದ ಅವರ ಮಗನಿಗೆ ಆಟಿಸಂ ಇದೆಯೆಂದು ಮಕ್ಕಳ ವೈದ್ಯರೊಬ್ಬರು ಐದಾರು ವರ್ಷಗಳ ಹಿಂದೆಯೇ ಹೇಳಿದ್ದರು. ಆ ಹುಡುಗನಿಗಾಗಿ ಅಂಗವೈಕಲ್ಯದ ಪ್ರಮಾಣಪತ್ರವನ್ನು ಕೋರಿ ಹಾಕಿದ್ದ ಅರ್ಜಿ ತಿರಸ್ಕೃತವಾಗಿದೆಯೆಂದು ತಿಳಿಸುವ ಪತ್ರ ಅದು. 2017 ರ ಕೇಂದ್ರ ನಿಯಮಗಳೊಡನೆ ಬಂದ ಈ ನಮೂನೆಯಲ್ಲಿ ನಿರಾಕರಣೆಯ ಕಾರಣಗಳನ್ನು ಬರೆಯುವುದಕ್ಕೆಂದು ಅಂಕಿ ಹಾಕಿದ ಮೂರು ಸಾಲುಗಳನ್ನು ಬಿಟ್ಟಿರುತ್ತಾರೆ. ಮೊದಲನೆಯ ಸಾಲಿನಲ್ಲಿ ‘ಅಂಕ 66, ಅರ್ಹನಲ್ಲ’ ಎಂದಿತ್ತು. ಉಳಿದೆರಡು ಸಾಲುಗಳು ಬರಿದಾಗಿದ್ದುವು.

“ಇನ್ನು ನಾಲ್ಕು ಬಂದಿದ್ರೆ ಆಗ್ತಿತ್ತಂತೆ ಮೇಷ್ಟ್ರೇ,” ಎಂದರು ಆಕೆ. ತನ್ನ ಮಗನ ಕಷ್ಟ ಇನ್ನಷ್ಟು ಹೆಚ್ಚಾಗಿದ್ದರೆ ಒಳಿತಾಗುತ್ತಿತ್ತೆಂಬ ಅರ್ಥ ಕೊಡುವ ಮಾತನ್ನು ಹೆತ್ತ ತಾಯಿಯ ಬಾಯಿಂದ ಆಡಿಸತಕ್ಕ ಪದ್ಧತಿಯೊಂದು ನಮ್ಮಲ್ಲಿ ನಡೆದುಬಂದಿರುವಾಗ, ಅದರ ಗುಣದೋಷಗಳನ್ನು ಆಮೂಲಾಗ್ರವಾಗಿ ಪರಿಶೀಲಿಸುವುದು ಕರ್ತವ್ಯವೆಂದು ನನಗೆ ಅಂದೇ ತೋರಿತು.

ಆ ನಾಲ್ಕು ಅಂಕಗಳಿಗೆ ಅಷ್ಟೊಂದು ತೂಕ ಬಂದುದು ಹೇಗೆಂಬುದನ್ನು ಮೊದಲು ಹೇಳಬೇಕು. 2017 ರ ಏಪ್ರಿಲ್ 19 ರಂದು ಜಾರಿಗೆ ಬಂದ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಅಧಿನಿಯಮವು 21 ಬಗೆಯ ವೈಕಲ್ಯಗಳನ್ನು ಅಂಗೀಕರಿಸಿದೆಯಾದರೂ, ಅದರ ಫಲಗಳಲ್ಲಿ ಹೆಚ್ಚಿನವು ನೂರಕ್ಕೆ 40 ಎಂಬ ಹೊಸ್ತಿಲನ್ನು ದಾಟಿದವರಿಗೆ ಮಾತ್ರ ದೊರೆಯತಕ್ಕವು. ನಮ್ಮ ರಾಜ್ಯದ ಮಾಸಾಶನ, 6 ರಿಂದ 18 ವರ್ಷದವರೆಗಿನ ಉಚಿತ ಶಿಕ್ಷಣದ ಹಕ್ಕು, ಹಳೆಯ ತೆರಿಗೆ ಕ್ರಮವನ್ನು ಆಯ್ದುಕೊಂಡ ತಂದೆಯ ಆದಾಯದಲ್ಲಿ ದೊರೆಯುವ 75,000 ರೂಪಾಯಿಗಳ ಕಡಿತ, ಇವೆಲ್ಲವೂ ಆ ಹೊಸ್ತಿಲಿನ ಆಚೆಗಿವೆ. ‘ನಿರಾಮಯ’ ಯೋಜನೆಯ ಒಂದು ಲಕ್ಷ ರೂಪಾಯಿಗಳ ಆರೋಗ್ಯವಿಮೆಗೂ ಪ್ರಮಾಣಪತ್ರ ಬೇಕೇ ಬೇಕು. ಆಟಿಸಂ ಇರುವ ಮಗು ಆ ಹೊಸ್ತಿಲನ್ನು ಮುಟ್ಟುವುದು ನಿಗದಿಯಾದ ಮಾಪನದಲ್ಲಿ 70 ಅಂಕಗಳಿಗೆ. 69 ಕ್ಕೆ ಏನೂ ಇಲ್ಲ.

ಈ ಮಾಪನವನ್ನು ಸಾರಾಸಗಟಾಗಿ ನಿಂದಿಸುವುದು ನನ್ನ ಉದ್ದೇಶವಲ್ಲ, ಏಕೆಂದರೆ ಇದಕ್ಕೆ ಹಿಂದೆ ಇದ್ದ ಸ್ಥಿತಿ ಇದಕ್ಕಿಂತ ಕಠೋರವಾಗಿತ್ತು. 1995 ರ ಅಧಿನಿಯಮದಲ್ಲಿ ಏಳು ವೈಕಲ್ಯಗಳಿದ್ದುವು, ಆಟಿಸಂ ಅವುಗಳಲ್ಲಿ ಒಂದಾಗಿರಲಿಲ್ಲ. 1999 ರ ರಾಷ್ಟ್ರೀಯ ನ್ಯಾಸ ಅಧಿನಿಯಮವು ಅದನ್ನು ಹೆಸರಿಸಿತಾದರೂ ಅಳೆಯುವ ವಿಧಾನ ನಿರ್ಧಾರವಾಗದೆ ಹೋದುದರಿಂದ, ಎಷ್ಟೋ ತಂದೆತಾಯಿಗಳು ತಮ್ಮ ಮಗುವಿನದಲ್ಲದ ‘ಬುದ್ಧಿಮಾಂದ್ಯತೆ’ಯ ಹೆಸರಿನಲ್ಲಿ ಪ್ರಮಾಣಪತ್ರ ಪಡೆದು ಸಮಾಧಾನ ಮಾಡಿಕೊಳ್ಳಬೇಕಾಯಿತು. ಸಿಕಂದರಾಬಾದಿನ ರಾಷ್ಟ್ರೀಯ ಸಂಸ್ಥೆಯಲ್ಲಿ ಸಿದ್ಧವಾದ, ನಮ್ಮ ಮನೆಗಳನ್ನೂ ನಮ್ಮ ಮಕ್ಕಳನ್ನೂ ಗಮನದಲ್ಲಿಟ್ಟುಕೊಂಡು ರಚಿತವಾದ ಭಾರತೀಯ ಮಾಪನವನ್ನು 2016 ರ ಏಪ್ರಿಲ್‌ನಲ್ಲಿ ಕೇಂದ್ರ ಸರ್ಕಾರ ಪ್ರಮಾಣೀಕರಣಕ್ಕೆ ಗೊತ್ತುಮಾಡಿದಾಗ, ಅದು ಸ್ವಾಗತಾರ್ಹವಾಗಿಯೇ ಇತ್ತು.

ಆದರೆ ಮಾಪನದ ಒಳರಚನೆಯನ್ನು ಕಂಡಂತೆಲ್ಲ ಸಂಶಯಗಳು ಏಳುತ್ತವೆ. ಅದರಲ್ಲಿ 40 ಅಂಶಗಳಿವೆ: ಜನರೊಡನೆ ಬೆರೆಯುವಿಕೆಗೆ 9, ಭಾವಪ್ರತಿಕ್ರಿಯೆಗೆ 5, ಮಾತು ಮತ್ತು ಸಂವಹನಕ್ಕೆ 9, ನಡವಳಿಕೆಗೆ 7, ಇಂದ್ರಿಯಾನುಭವಕ್ಕೆ 6, ಗ್ರಹಣಶಕ್ತಿಗೆ 4. ಪ್ರತಿಯೊಂದಕ್ಕೂ ಕನಿಷ್ಠ 1, ಗರಿಷ್ಠ 5 ಅಂಕ. ಈಗ ಕುಕ್ಕರಿನ ಕೂಗು, ಮಿಕ್ಸಿಯ ಸದ್ದು, ಅಂಗಿಯ ಕತ್ತುಪಟ್ಟಿಯ ಚೀಟಿ, ಮಾವಿನಹಣ್ಣಿನ ವಾಸನೆ, ಇವುಗಳಲ್ಲಿ ಒಂದನ್ನೂ ಸಹಿಸಲಾರದೆ ಎಚ್ಚರವಿರುವಷ್ಟು ಹೊತ್ತೂ ಯಾತನೆಪಡುವ ಮಗುವೊಂದನ್ನು ಊಹಿಸಿ, ಇಂದ್ರಿಯಗಳ ಆರು ಅಂಶಗಳಿಗೂ ತಲಾ ಐದರಂತೆ 30 ಅಂಕಗಳನ್ನು ಕೊಟ್ಟು, ಮಿಕ್ಕ 34 ಅಂಶಗಳಿಗೆ ಒಂದೊಂದನ್ನೇ ಕೂಡಿಸಿದರೆ ಆಗುವ ಮೊತ್ತ 64. ಇಂದ್ರಿಯಗಳ ಲಕ್ಷಣಗಳಷ್ಟರಿಂದಲೇ ಆಟಿಸಂ ಎಂದು ನಿರ್ಣಯಿಸಲಾಗದೆಂಬುದನ್ನು ನಾನು ಬಲ್ಲೆ. ನಾನು ಹೇಳಹೊರಟಿರುವುದು ಕೂಡಿಕೆಯ ಸ್ವಭಾವವನ್ನು ಕುರಿತು. ಒಂದು ಕಡೆಯ ಸಹಿಸಲಾಗದ ಭಾರವನ್ನು ಇನ್ನೊಂದು ಕಡೆಯ ಸರಾಗತೆಯು ಈ ಲೆಕ್ಕದಲ್ಲಿ ಅಳಿಸಿಹಾಕುತ್ತದೆ, ಬಾಳಿನಲ್ಲಿ ಅಳಿಸುವುದಿಲ್ಲ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಒಂದರಿಂದ ಐದರವರೆಗಿನ ಅಂಕಗಳಿಗೆ ಮಾಪನವೇ ಅರ್ಥ ಕೊಟ್ಟಿದೆ: ಒಂದು ವರ್ತನೆ ನೂರರಲ್ಲಿ 20 ಪಾಲಿನವರೆಗೆ ಕಂಡರೆ 1, 81 ರ ಮೇಲೆ ಕಂಡರೆ 5. ಮಗು ನೂರರಲ್ಲಿ ಎಷ್ಟು ಪಾಲು ಹೊತ್ತು ಹೀಗಿರುತ್ತದೆಯೆಂಬುದನ್ನು ಅದರೊಡನೆ ಬೆಳಗಿನಿಂದ ರಾತ್ರಿಯವರೆಗೆ ಬಾಳುವವರಲ್ಲದೆ ಮತ್ತಾರು ಹೇಳಬಲ್ಲರು? ಮಾಪನವನ್ನು ರಚಿಸಿದವರೂ ಇದನ್ನರಿತೇ, ಮಗುವನ್ನು ನೋಡುವುದರ ಜೊತೆಗೆ ಪಾಲಕರನ್ನು ವಿವರವಾಗಿ ವಿಚಾರಿಸಬೇಕೆಂದು ವಿಧಿಸಿದ್ದಾರೆ. ಆದುದರಿಂದ ದೋಷದ ಬಹುಭಾಗವು ಉಪಕರಣದ್ದಲ್ಲ, ಅದನ್ನು ಬಳಸುವ ಕೋಣೆಯದು. ಹೊರಗೆ ಎಪ್ಪತ್ತು ಮಂದಿ ಚೀಟಿ ಹಿಡಿದು ಕುಳಿತಿರುವ ವಾರದ ಶಿಬಿರದ ದಿನ, ಒಳಗಿರುವ ಒಬ್ಬ ತಜ್ಞರು ಎಷ್ಟೇ ಸಹೃದಯರಾಗಿದ್ದರೂ, 40 ಪ್ರಶ್ನೆಗಳಿಗೆ ತಾಯಿಯ ಉತ್ತರವನ್ನು ಕೇಳುವ ವ್ಯವಧಾನ ಅವರಿಗೆ ದೊರೆಯುವುದಿಲ್ಲ.

ಆ ಹುಡುಗನ ಪರೀಕ್ಷೆ ಇಪ್ಪತ್ತು ನಿಮಿಷಗಳಲ್ಲಿ ಮುಗಿದಿತ್ತಂತೆ. ಅದರ ಹಿಂದಿನ ದಿನವೇ ತಂದೆತಾಯಿಗಳು ಅವನನ್ನು ಕರೆದುಕೊಂಡು ಹೋಗಿ ಜಿಲ್ಲಾ ಕೇಂದ್ರದಲ್ಲಿದ್ದ ನೆಂಟರ ಮನೆಯಲ್ಲಿ ತಂಗಿದ್ದರು, ಏಕೆಂದರೆ ಬಸ್ಸಿನಿಂದ ಇಳಿದ ಕೂಡಲೆ ಅವನನ್ನು ಹೊಸ ಕೋಣೆಗೆ ಹೊಗಿಸುವುದು ಸಾಧ್ಯವಿಲ್ಲವೆಂಬುದು ಅವರಿಗೆ ಗೊತ್ತಿತ್ತು. ಆಸ್ಪತ್ರೆಯ ಬಾಗಿಲು, ಮೇಜು, ಬಿಳಿಯ ಕೋಟಿನ ಡಾಕ್ಟರು, ಮರಳಿ ಮನೆ, ಹೀಗೆ ಮುಂದಾಗತಕ್ಕುದನ್ನೆಲ್ಲ ತಾಯಿ ಒಂದು ಹಾಳೆಯ ಮೇಲೆ ಚಿತ್ರ ಬರೆದು ರಾತ್ರಿ ನಾಲ್ಕು ಸಲ, ಬೆಳಿಗ್ಗೆ ಮೂರು ಸಲ ತೋರಿಸಿದ್ದರು. ಚಟ್ನಿ ಸೋಕದ ಇಡ್ಲಿಯನ್ನು ತಿನ್ನಿಸಿ, ಒಗೆದೊಗೆದು ಮೆತ್ತಗಾದ ಹಸುರು ಅಂಗಿಯನ್ನೇ ತೊಡಿಸಿ, ಕಿವಿಗೆ ಹತ್ತಿಯಿಟ್ಟು ಕರೆದೊಯ್ದಿದ್ದರು. ಹುಡುಗ ಒಳಗೆ ಸುಮ್ಮನೆ ಕುಳಿತ, ಹೆಸರು ಕೇಳಿದಾಗ ಹೇಳಿದ, ಗೋಡೆಯ ಕ್ಯಾಲೆಂಡರನ್ನು ಓದಿದ, ಆಮೇಲೆ ತನಗೆ ಪ್ರಿಯವಾದ ಬಸ್ಸುಗಳ ನಿಲ್ದಾಣಗಳನ್ನು ಒಂದನ್ನೂ ತಪ್ಪಿಸದೆ ಒಪ್ಪಿಸಿದ: ನೆಲಮಂಗಲ, ಕುಣಿಗಲ್, ಯಡಿಯೂರು, ಬೆಳ್ಳೂರು ಕ್ರಾಸ್, ಹಿರೀಸಾವೆ, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರ. “ಎಷ್ಟು ಚೆನ್ನಾಗಿ ಓದ್ತಾನಲ್ಲಮ್ಮಾ,” ಎಂದು ಡಾಕ್ಟರು ಪ್ರೀತಿಯಿಂದಲೇ ಹೇಳಿದರಂತೆ. ಅಂದು ಸಂಜೆ ಮನೆಗೆ ಬಂದಮೇಲೆ ಆ ಮಗು ರಾತ್ರಿ ಹನ್ನೊಂದರವರೆಗೂ ಗೋಡೆಗೆ ತಲೆ ಚಚ್ಚಿಕೊಂಡಿತೆಂಬುದೂ, ತಾಯಿ ಗೋಡೆಗೂ ತಲೆಗೂ ನಡುವೆ ತನ್ನ ಅಂಗೈಯನ್ನು ಇಟ್ಟುಕೊಂಡು ಕುಳಿತಿದ್ದರೆಂಬುದೂ 66 ಎಂಬ ಅಂಕದಲ್ಲಿ ಸೇರಿಲ್ಲ.

ಈ ಪದ್ಧತಿಯ ಮೂಲದೋಷವೆಂದು ನಾನು ಎಣಿಸುವುದು ಇದನ್ನೇ. ಕೋಣೆಯಲ್ಲಿ ಕಂಡ ಆ ಶಾಂತಿ ಮಗುವಿನ ಸಹಜಸ್ಥಿತಿಯಾಗಿರದೆ ಒಂದು ದಿನವಿಡೀ ನಡೆದ ಆರೈಕೆಯ ಫಲವಾಗಿತ್ತು. ಆರೈಕೆ ಎಷ್ಟು ಚೆನ್ನಾಗಿ ನಡೆಯುತ್ತದೆಯೋ ಅಷ್ಟೂ ಅದು ತನ್ನನ್ನು ತಾನೇ ಮರೆಮಾಡಿಕೊಳ್ಳುತ್ತದೆ, ಮತ್ತು ಆ ಆರೈಕೆಯನ್ನು ಮುಂದುವರಿಸುವುದಕ್ಕೆ ಬೇಕಾದ ನೆರವು ಅದೇ ಕಾರಣದಿಂದ ನಿರಾಕೃತವಾಗುತ್ತದೆ.

ಇಲ್ಲಿ ಒಂದು ಶಬ್ದವನ್ನು ಕುರಿತು ಹೇಳಬೇಕೆನ್ನಿಸುತ್ತದೆ. ಆಟಿಸಂಗೆ ನಮ್ಮವರು ‘ಸ್ವಲೀನತೆ’ ಎಂಬ ಪದವನ್ನು ತಂದಿದ್ದಾರೆ. ವ್ಯುತ್ಪತ್ತಿಯಿಂದ ಅದು ಶುದ್ಧವಾಗಿದೆ, ಆದರೆ ನನ್ನ ಮನಸ್ಸು ಒಪ್ಪುವುದಿಲ್ಲ. ತಂದೆಯ ಸೈಕಲ್ಲಿನ ಸದ್ದನ್ನು ಬೀದಿಯ ತುದಿಯಲ್ಲೇ ಗುರುತಿಸಿ ಬಾಗಿಲಿಗೆ ಬಂದು ನಿಲ್ಲುವ ಹುಡುಗನನ್ನು ತನ್ನಲ್ಲಿ ತಾನು ಲಯವಾದವನೆಂದು ಹೇಗೆ ಕರೆಯುವುದು? ಪಕ್ಕದ ಮನೆಯವರ ‘ಅವನ ದಾರಿಯೇ ಬೇರೆ’ ಎಂಬ ಮಾತು ನನಗೆ ಹೆಚ್ಚು ನಿಜವೆನ್ನಿಸುತ್ತದೆ.

ಇನ್ನು ಆ ನಿರಾಕರಣೆಯ ವಿರುದ್ಧ ಆ ತಾಯಿಯೂ ನಾನೂ ಸೇರಿ ಸಲ್ಲಿಸಹೊರಟ ಮೇಲ್ಮನವಿಯ ವಿಷಯ. ಅಧಿನಿಯಮದ 59 ನೆಯ ಪ್ರಕರಣವು ಪ್ರಮಾಣೀಕರಣದ ತೀರ್ಮಾನದಿಂದ ಬಾಧಿತರಾದವರಿಗೆ ಮೇಲ್ಮನವಿಯ ಹಕ್ಕನ್ನು ಕೊಟ್ಟಿದೆ. ಆದರೆ ಎರಡೇ ಉಪಪ್ರಕರಣಗಳಲ್ಲಿ ಮುಗಿದುಹೋಗುವ ಆ ವಿಧಿಯು ಯಾರ ಬಳಿಗೆ, ಎಷ್ಟು ದಿನಗಳೊಳಗೆ, ಯಾವ ರೀತಿಯಲ್ಲಿ ಎಂಬುದನ್ನೆಲ್ಲ ಆಯಾ ರಾಜ್ಯ ಸರ್ಕಾರಕ್ಕೆ ಬಿಟ್ಟಿದೆ. ಮೇಲ್ಮನವಿಯಲ್ಲಿ ಯಾವುದನ್ನು ವಿಚಾರಿಸಬೇಕೆಂಬ ತತ್ತ್ವ ಅದರಲ್ಲಿಲ್ಲ. ಅದರ ಪರಿಣಾಮವಾಗಿ ಮೇಲ್ಮನವಿಯೆಂದರೆ ಅದೇ ಮಗುವನ್ನು ಇನ್ನೊಂದು ಕೋಣೆಯಲ್ಲಿ ಇನ್ನೊಬ್ಬರ ಮುಂದೆ ಕೂರಿಸಿ ಅದೇ ಅಳತೆಗೋಲನ್ನು ಮತ್ತೆ ಹಿಡಿಯುವುದೆಂದು ಎಲ್ಲರೂ ತಿಳಿಯುವಂತಾಗಿದೆ. 2024 ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು, ವಾಕ್‌ದೋಷವುಳ್ಳ ವಿದ್ಯಾರ್ಥಿಯೊಬ್ಬನ ವೈದ್ಯಕೀಯ ಪ್ರವೇಶದ ಪ್ರಕರಣದಲ್ಲಿ, ಶೇಕಡಾವಾರು ಅಂಕಿಯೊಂದನ್ನೇ ಹಿಡಿದು ಬಾಗಿಲು ಮುಚ್ಚಕೂಡದೆಂದೂ, ಪ್ರತಿಕೂಲ ಅಭಿಪ್ರಾಯವನ್ನು ಕೊಡುವ ಮಂಡಲಿಗಳು ಕಾರಣಗಳನ್ನು ಬರೆಯಬೇಕೆಂದೂ ಹೇಳಿತು. ಅಲ್ಲಿಯ ಪ್ರಶ್ನೆ ಬೇರೆಯಾದರೂ ತತ್ತ್ವ ಇಲ್ಲಿಗೂ ಸಲ್ಲುತ್ತದೆ. ನಮ್ಮ ಮನವಿಯಲ್ಲಿ ಬರಿದಾದ ಆ ಎರಡು ಸಾಲುಗಳನ್ನು ಕುರಿತು ಒಂದು ಪೂರ್ಣ ಪುಟವನ್ನು ಬರೆದೆ.

ಮೇಲ್ಮನವಿಯನ್ನು ಬೇರೆ ಬಗೆಯಾಗಿಯೂ ನಡೆಸಬಹುದೆಂಬುದು ನನಗೆ ತಿಳಿದದ್ದು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಇಂಗ್ಲೆಂಡಿನಲ್ಲಿ ನೆಲೆಸಿ ಅಲ್ಲಿಯ ಪ್ರಜೆಯೇ ಆಗಿರುವ ಆಕೆಯ ಮಗಳಿಗೂ ಇದೇ ಸ್ಥಿತಿ. ಅಲ್ಲಿ 16 ತುಂಬದ ಮಕ್ಕಳಿಗೆ ಡಿಸೆಬಿಲಿಟಿ ಲಿವಿಂಗ್ ಅಲೋಯನ್ಸ್ ಎಂಬ ಭತ್ಯೆಯೊಂದು 1992 ರಿಂದ ನಡೆದುಬಂದಿದೆ. ಅದರ ನಿಯಮವು ರೋಗದ ಹೆಸರನ್ನಾಗಲಿ ಶೇಕಡಾ ಎಷ್ಟೆಂಬುದನ್ನಾಗಲಿ ಪ್ರಧಾನವಾಗಿಸದೆ, ಅದೇ ವಯಸ್ಸಿನ ಇತರ ಮಕ್ಕಳಿಗಿಂತ ಈ ಮಗುವಿಗೆ ಗಣನೀಯವಾಗಿ ಹೆಚ್ಚಿನ ಆರೈಕೆಯೋ ಮೇಲ್ವಿಚಾರಣೆಯೋ ಬೇಕೆ ಎಂದು ಕೇಳುತ್ತದೆ. ಹಗಲಿಗೆ ಬೇರೆ, ರಾತ್ರಿಗೆ ಬೇರೆ ಪರಿಶೀಲನೆ ಅಲ್ಲಿದೆ. ಅವಳ ಅರ್ಜಿಯೂ ಮೊದಲು ತಿರಸ್ಕೃತವಾಗಿತ್ತು. ತಿಂಗಳೊಳಗಾಗಿ ಅದೇ ಇಲಾಖೆಗೆ ಮರುಪರಿಶೀಲನೆಯನ್ನು ಕೋರಿ, ಅಲ್ಲಿಯೂ ಸೋತು, ಆಮೇಲೆ ಇಲಾಖೆಗೆ ಅಧೀನವಲ್ಲದ ನ್ಯಾಯಮಂಡಲಿಯ ಮುಂದೆ ನಿಂತಳು. ಮಂಡಲಿಯಲ್ಲಿ ಮೂವರು: ಒಬ್ಬ ನ್ಯಾಯಾಧೀಶ, ಒಬ್ಬ ವೈದ್ಯ, ಅಂಗವೈಕಲ್ಯದ ಬದುಕನ್ನು ಹತ್ತಿರದಿಂದ ಬಲ್ಲ ಒಬ್ಬ ಸದಸ್ಯ. “ಅವರು ಮಗಳನ್ನು ನೋಡಲೇ ಇಲ್ಲ ಸಾರ್, ರಾತ್ರಿ ಎಷ್ಟು ಸಲ ಏಳ್ತೀರಿ, ಎದ್ದರೆ ಎಷ್ಟು ಹೊತ್ತು ಕೂತಿರ್ತೀರಿ ಅಂತ ನನ್ನನ್ನ ಕೇಳಿದರು,” ಎಂದು ಆಕೆ ಫೋನಿನಲ್ಲಿ ಹೇಳಿದಾಗ ನನಗಾದ ಬೆರಗನ್ನು ಈಗಲೂ ಮರೆತಿಲ್ಲ.

ಆ ದೇಶದ ವ್ಯವಸ್ಥೆಯನ್ನು ಆದರ್ಶವೆಂದು ಹೊಗಳಲಾರೆ. 2013 ರಲ್ಲಿ ಕಡ್ಡಾಯವಾದ ಮರುಪರಿಶೀಲನೆಯೆಂಬ ಮೆಟ್ಟಿಲು ದಣಿದ ತಾಯಂದಿರನ್ನು ಇನ್ನಷ್ಟು ದಣಿಸುತ್ತದೆ. ಕೊನೆಗೆ ನ್ಯಾಯಮಂಡಲಿಯ ವಿಚಾರಣೆಗೆ ಬರುವ ಇಂಥ ಮನವಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲಕರ ಪರವಾಗಿಯೇ ತೀರ್ಮಾನವಾಗುತ್ತಿರುವುದು ಮೊದಲ ತೀರ್ಮಾನಗಳ ಗುಣವನ್ನು ಕುರಿತು ಒಳ್ಳೆಯ ಸಾಕ್ಷ್ಯವಲ್ಲ. ಸುಮಾರು 40 ಪುಟಗಳ ಅರ್ಜಿಯಲ್ಲಿ ಮಗು ಏನೇನನ್ನು ಮಾಡಲಾರದೆಂಬುದನ್ನು ಒಂದೊಂದಾಗಿ ಬರೆಯುವಾಗ ತನ್ನ ಕೈಯಾರೆ ಮಗಳನ್ನು ಕಡಿಮೆ ಮಾಡುತ್ತಿರುವಂತೆ ತೋರಿತೆಂದು ನನ್ನ ವಿದ್ಯಾರ್ಥಿನಿ ಅತ್ತಳು. ಈ ಸಂಕಟ ಅಲ್ಲಿಗೂ ಇಲ್ಲಿಗೂ ಸಮಾನ. ಆದರೂ ತೀರ್ಪು ಕೊಡತಕ್ಕವರು ಕೇಳಬೇಕಾದ ಪ್ರಶ್ನೆಯನ್ನು ಆ ದೇಶದವರು ಸರಿಯಾಗಿ ಗುರುತಿಸಿದ್ದಾರೆಂಬುದು ನನ್ನ ಅಭಿಪ್ರಾಯ, ಮತ್ತು ನಮ್ಮ 59 ನೆಯ ಪ್ರಕರಣದ ಕೆಳಗೆ ರಾಜ್ಯಗಳು ನಿಯಮಗಳನ್ನು ತಿದ್ದುವಾಗ ಆ ಪ್ರಶ್ನೆಯನ್ನು ಸೇರಿಸಿಕೊಳ್ಳುವುದಕ್ಕೆ ಯಾವ ಅಡ್ಡಿಯನ್ನೂ ನಾನು ಕಾಣೆ.

ನಮ್ಮ ಮನವಿಗೆ ಆಧಾರವಾಗಿ ಏನು ಕೊಡಬೇಕೆಂದು ನಾವು ಯೋಚಿಸಿದಾಗ ವೈದ್ಯರ ಚೀಟಿಗಳು ಮೂರೇ ಇದ್ದುವು. ಅದಕ್ಕಾಗಿ ಆ ತಾಯಿಗೆ ಒಂದು 200 ಪುಟದ ನೋಟ್‌ಪುಸ್ತಕವನ್ನು ಕೊಟ್ಟು, ವಿಶೇಷವಾದುದನ್ನೇ ಹುಡುಕದೆ ದಿನದಿನದ್ದನ್ನು ಗಂಟೆ ಹಾಕಿ ಬರೆಯುವಂತೆ ಕೇಳಿಕೊಂಡೆ. ಏಳನೆಯ ತರಗತಿಯವರೆಗೆ ಓದಿದ ಆಕೆಯ ಬರವಣಿಗೆ ನೇರವಾಗಿತ್ತು. ‘ಬೆಳಿಗ್ಗೆ 5.10, ಎದ್ದ. ಪಕ್ಕದ ಮನೆ ಮೋಟಾರು ಹಾಕಿದರು. ಕಿವಿ ಮುಚ್ಚಿಕೊಂಡು ಮಂಚದ ಕೆಳಗೆ ಹೋದ. 6.25 ಕ್ಕೆ ಬಂದ.’ ‘ಹಲ್ಲುಜ್ಜಿಸಿದ್ದು 35 ನಿಮಿಷ.’ ‘ರಾತ್ರಿ 1.40, ಎದ್ದು ಬಾಗಿಲು ತೆಗೆದ. ಚಿಲಕಕ್ಕೆ ಬೀಗ ಹಾಕಿದ್ದೆ, ಬೀಗದ ಕೈ ಹುಡುಕಿದ್ದಾನೆ. 3.15 ರವರೆಗೆ ಜೊತೆಯಲ್ಲಿ ಕೂತೆ.’ ಇಪ್ಪತ್ತೆಂಟು ದಿನಗಳ ಈ ದಿನಚರಿಯನ್ನು ಓದಿದಮೇಲೆ, ಶಾಲೆಯಲ್ಲಿ ಮೂವತ್ತೆರಡು ವರ್ಷ ಪಾಠ ಹೇಳಿದ ನನಗೆ, ನನ್ನ ತರಗತಿಗಳ ಹಿಂದಿನ ಬೆಂಚಿನಲ್ಲಿ ಕುಳಿತಿದ್ದ ಕೆಲವು ಹುಡುಗರ ಮುಖಗಳು ಕಣ್ಣ ಮುಂದೆ ಬಂದು ಬಹಳ ಹೊತ್ತು ನಿಂತುವು.

ಜೆರಾಕ್ಸ್ ಮಾಡಿಸುವುದಕ್ಕೆ ಮುನ್ನ ಪುಟಗಳನ್ನು ಎಣಿಸುತ್ತಿರುವಾಗ 31 ನೆಯ ಪುಟ ಬೇರೆಯ ಕೈಬರಹದಲ್ಲಿತ್ತು. ದಪ್ಪ ದಪ್ಪ ಅಕ್ಷರಗಳಲ್ಲಿ, ಒಂದರ ಕೆಳಗೊಂದು, ನೆಲಮಂಗಲದಿಂದ ಸಕಲೇಶಪುರದವರೆಗಿನ ಎಲ್ಲ ನಿಲ್ದಾಣಗಳನ್ನೂ ಹುಡುಗ ಬರೆದಿದ್ದ. ಒಂದು ಒತ್ತಕ್ಷರವೂ ತಪ್ಪಿರಲಿಲ್ಲ. ಇದನ್ನು ನೋಡಿದರೆ ಮೇಲ್ಮನವಿಯನ್ನು ವಿಚಾರಿಸುವವರೂ ‘ಎಷ್ಟು ಚೆನ್ನಾಗಿ ಬರೆಯುತ್ತಾನೆ’ ಎಂದುಕೊಂಡಾರೆಂದು ಅಂಜಿ, “ಈ ಹಾಳೆ ತೆಗೆದುಬಿಡೋಣವೇನಮ್ಮಾ?” ಎಂದೆ.

“ಬೇಡಿ ಮೇಷ್ಟ್ರೇ,” ಎಂದರು ಆಕೆ, “ಅವನು ಅದನ್ನ ಬರೀತಾ ಕೂತಿದ್ದಾಗಲೇ ನಾನು ಅವತ್ತು ಅನ್ನಕ್ಕಿಟ್ಟಿದ್ದು.”

ಆ ಮಾತನ್ನು ಪುಟದ ಅಂಚಿನಲ್ಲಿ ಅವರ ಕೈಯಿಂದಲೇ ಬರೆಸಿ, ಹೊತ್ತನ್ನೂ ಹಾಕಿಸಿ, ಉಳಿದ ಪುಟಗಳೊಡನೆ ಕಳುಹಿಸಿದೆವು.