ಶನಿವಾರ ರಾತ್ರಿ ಎಷ್ಟು ಮಕ್ಕಳು ಉಳಿಯುತ್ತಾರೆ?

ಇಂಗ್ಲೆಂಡಿಗೆ ವರ್ಗವಾಗಿದೆ ಎಂಬ ಸುದ್ದಿ ಬೆಂಗಳೂರಿನ ಮನೆಯೊಂದಕ್ಕೆ ಬಂದರೆ ವೀಸಾ, ಬಾಡಿಗೆ ಮನೆ, ಊರಲ್ಲಿರುವ ಅಜ್ಜ-ಅಜ್ಜಿಯ ಯೋಚನೆ ಎಲ್ಲಕ್ಕಿಂತ ಮೊದಲು ಏಳುವ ಪ್ರಶ್ನೆ ಒಂದೇ: ಮಗುವಿನ ಸ್ಕೂಲ್ ಏನು ಮಾಡೋದು? ಮಗು ಎರಡನೆಯ ಕ್ಲಾಸಿನಲ್ಲಿದ್ದರೆ ಅಷ್ಟು ಚಿಂತೆಯಿಲ್ಲ. ಎಂಟನೆಯದೋ ಒಂಬತ್ತನೆಯದೋ ಆಗಿದ್ದರೆ ಅಪ್ಪ-ಅಮ್ಮನ ನಿದ್ದೆ ಹಾರಿಹೋಗುತ್ತದೆ. ಅದೇ ರಾತ್ರಿ ಲ್ಯಾಪ್‌ಟಾಪ್ ತೆರೆದು ಕೂರುತ್ತಾರೆ. ಪತ್ರಿಕೆಗಳು ಪ್ರಕಟಿಸುವ ಶಾಲೆಗಳ ರ‍್ಯಾಂಕ್ ಪಟ್ಟಿ, ಶಾಲೆಗಳ ಬಣ್ಣದ ಕೈಪಿಡಿ, ಹಸಿರು ಮೈದಾನ, ಕಲ್ಲಿನ ಚರ್ಚು, ದೋಣಿ ನಡೆಸುವ ಹುಡುಗರ ಫೋಟೊ. ವಾರದೊಳಗೆ ನಾಲ್ಕೈದು ಹೆಸರುಗಳ ಪಟ್ಟಿ ಸಿದ್ಧವಾಗುತ್ತದೆ. ಈ ಆಯ್ಕೆಯ ಕ್ರಮವೇ ತಪ್ಪು ಎಂಬುದು ಈ ಬರಹದ ವಾದ. ಶಾಲೆಗಳು ಕೆಟ್ಟವೆಂದಲ್ಲ. ಎಷ್ಟೋ ಶಾಲೆಗಳು ನಿಜಕ್ಕೂ ಚೆನ್ನಾಗಿವೆ. ಆದರೆ ಪಾಲಕರು ನೋಡುವ ಜಾಗದಲ್ಲಿ ಶಾಲೆಯ ಗುಣ ಕಾಣಿಸುವುದಿಲ್ಲ.

ಡೇ ಸ್ಕಾಲರ್‌ಗಳೂ ಬೋರ್ಡಿಂಗಿನ ಮಕ್ಕಳೂ ಒಟ್ಟಿಗೆ ಓದುವ ಖಾಸಗಿ ಪ್ರೌಢಶಾಲೆ ಇಂಗ್ಲೆಂಡಿನ ಪರಿಚಿತ ವ್ಯವಸ್ಥೆ. ಹಳೆಯ ಖಾಸಗಿ ಶಾಲೆಗಳನ್ನು ಅಲ್ಲಿ ‘ಪಬ್ಲಿಕ್ ಸ್ಕೂಲ್’ ಎನ್ನುವುದರಿಂದ ನಮ್ಮವರಿಗೆ ಮೊದಲು ಗೊಂದಲವಾಗುವುದು ಸಹಜ. 1440ರಲ್ಲಿ ಆರನೆಯ ಹೆನ್ರಿ ಸ್ಥಾಪಿಸಿದ ಈಟನ್‌ನಲ್ಲಿ ಎಲ್ಲ ಹುಡುಗರೂ ಬೋರ್ಡಿಂಗಿನವರು. ನಟ ಎಡ್ವರ್ಡ್ ಅಲೆನ್ 1619ರಲ್ಲಿ ಸ್ಥಾಪಿಸಿದ ಲಂಡನ್ನಿನ ಡಲ್ಲಿಚ್ ಕಾಲೇಜಿನಲ್ಲಿ ಬಹುಪಾಲು ಹುಡುಗರು ಸಂಜೆ ಮನೆಗೆ ಹೋಗುತ್ತಾರೆ, ಉಳಿಯುವವರು ಸ್ವಲ್ಪ ಮಂದಿ. ಕೇಂಬ್ರಿಜ್‌ನ ದಿ ಲೀಸ್, ಬೆಡ್‌ಫರ್ಡ್ ಸ್ಕೂಲ್‌ನಂಥವು ಎರಡನ್ನೂ ಬೆರೆಸಿಕೊಂಡು ನಡೆಯುತ್ತವೆ. ಬೋರ್ಡಿಂಗ್‌ನಲ್ಲೂ ಬಗೆಗಳಿವೆ: ಟರ್ಮ್ ಪೂರ್ತಿ ಉಳಿಯುವುದು, ಸೋಮವಾರ ಬಂದು ಶುಕ್ರವಾರ ಮನೆಗೆ ಹೋಗುವುದು, ವಾರಕ್ಕೆ ಒಂದೆರಡು ರಾತ್ರಿ ಮಾತ್ರ ಮಲಗುವುದು. ಕೈಪಿಡಿಯಲ್ಲಿ ಇವೆಲ್ಲ ಒಂದೇ ಪುಟದಲ್ಲಿ ಅಕ್ಕಪಕ್ಕ ಇರುತ್ತವೆ. ಮಗುವಿನ ಬದುಕಿನಲ್ಲಿ ಇವುಗಳ ನಡುವಿನ ಅಂತರ ಬಹಳ ದೊಡ್ಡದು.

ಶುಕ್ರವಾರ ಸಂಜೆ ಇಂಥ ಮಿಶ್ರ ಶಾಲೆಯ ಬೋರ್ಡಿಂಗ್ ಹೌಸ್ ಎದುರು ನಿಂತು ನೋಡಬೇಕು. ನಾಲ್ಕು ಗಂಟೆಗೆ ಡೇ ಸ್ಕಾಲರ್‌ಗಳ ಬಸ್ಸುಗಳು ಹೊರಟಿರುತ್ತವೆ. ಆರರ ಹೊತ್ತಿಗೆ ವಾರದ ಬೋರ್ಡರ್‌ಗಳ ಅಪ್ಪಂದಿರ ಕಾರುಗಳು ಸಾಲುಗಟ್ಟಿ ಬರುತ್ತವೆ, ಬಟ್ಟೆಯ ಚೀಲಗಳು ಡಿಕ್ಕಿಗೆ ಹೋಗುತ್ತವೆ. ಏಳೂವರೆಗೆ ಊಟದ ಹಾಲಿನಲ್ಲಿ ಉದ್ದನೆಯ ಮೇಜುಗಳು ಅರ್ಧ ಖಾಲಿ. ಉಳಿದವರಲ್ಲಿ ಹೆಚ್ಚಿನವರು ಹಾಂಗ್‌ಕಾಂಗ್, ಚೀನಾ, ನೈಜೀರಿಯಾದಂಥ ದೂರದೇಶಗಳ ಮಕ್ಕಳು. ಜೊತೆಗೆ ಅಪ್ಪ-ಅಮ್ಮ ಮೂರು ಗಂಟೆಯ ದಾರಿಯಲ್ಲಿದ್ದರೂ ವಾರಾಂತ್ಯ ಕೆಲಸ ಬಿಡಲಾಗದವರ ಮಕ್ಕಳು. ಇಂಥ ಹೌಸ್‌ನಲ್ಲಿ ಹದಿಮೂರರ ಮಗು ಶನಿವಾರ ಹೇಗೆ ಕಳೆಯುತ್ತದೆ ಎಂಬುದೇ ಆ ಶಾಲೆಯ ನಿಜವಾದ ಪರೀಕ್ಷೆ. ಒಳ್ಳೆಯ ಶಾಲೆಯಲ್ಲಿ ಮಧ್ಯಾಹ್ನ ಪಂದ್ಯ, ಸಂಜೆ ಸಿನಿಮಾ, ಭಾನುವಾರ ಮಕ್ಕಳನ್ನು ನೋಡಿಕೊಳ್ಳುವ ಹೌಸ್‌ಪೇರೆಂಟ್ ಮನೆಯ ಅಡುಗೆಮನೆಯಲ್ಲಿ ಮಕ್ಕಳೇ ಸೇರಿ ಮಾಡುವ ತಿಂಡಿ ಎಲ್ಲ ಇರುತ್ತವೆ. ಗಮನವಿಲ್ಲದ ಶಾಲೆಯಲ್ಲಿ ಮಗುವಿಗೆ ಉಳಿಯುವುದು ಮೊಬೈಲು ಮತ್ತು ಕಿಟಕಿ ಮಾತ್ರ.

ಇದನ್ನು ಯಾವ ರ‍್ಯಾಂಕ್ ಪಟ್ಟಿಯೂ ಹೇಳುವುದಿಲ್ಲ. ಪಟ್ಟಿ ಹೇಳುವುದು ಹದಿನಾರರ ಹೊತ್ತಿಗೆ ಬರೆಯುವ ಜಿಸಿಎಸ್‌ಇ, ಹದಿನೆಂಟರ ಹೊತ್ತಿಗೆ ಬರೆಯುವ ಎ ಲೆವೆಲ್ ಪರೀಕ್ಷೆಗಳ ಫಲಿತಾಂಶವನ್ನು. ಪ್ರವೇಶ ಪರೀಕ್ಷೆಯಲ್ಲಿ ಜಾಣ ಮಕ್ಕಳನ್ನೇ ಆರಿಸಿ ಸೇರಿಸಿಕೊಳ್ಳುವ ಶಾಲೆಗೆ ಒಳ್ಳೆಯ ಫಲಿತಾಂಶ ಬರುವುದು ಸಹಜ. ಜಿಸಿಎಸ್‌ಇಯಲ್ಲಿ ನಿಗದಿತ ಅಂಕ ಬಾರದ ಮಕ್ಕಳನ್ನು ಮುಂದಿನ ಎರಡು ವರ್ಷದ ಸಿಕ್ಸ್ತ್ ಫಾರ್ಮ್‌ಗೆ ಉಳಿಸಿಕೊಳ್ಳದ ಶಾಲೆಗಳೂ ಇವೆ. ಪಟ್ಟಿಯ ತುದಿಯಲ್ಲಿರುವ ಶಾಲೆಯಲ್ಲಿ ನಡುಮಟ್ಟದ ವಿದ್ಯಾರ್ಥಿಗೆ ಏನಾಯಿತು ಎಂಬುದು ಪಾಲಕರಿಗೆ ಬೇಕಾದ ಮಾಹಿತಿ, ಅದು ಅಲ್ಲಿ ಸಿಗುವುದಿಲ್ಲ. ಎಸ್ಎಸ್ಎಲ್‌ಸಿ ರ‍್ಯಾಂಕುಗಳ ಜಾಹೀರಾತು ನೋಡುತ್ತ ಬೆಳೆದ ನಮಗೆ ಈ ಮಾತು ಅರ್ಥವಾಗದ್ದೇನಲ್ಲ. ಆದರೂ ದೂರದೇಶದಲ್ಲಿ ಕೈಗೆ ಸಿಕ್ಕ ಅಂಕಿಯನ್ನೇ ಹಿಡಿದುಕೊಳ್ಳುತ್ತೇವೆ.

ತಪಾಸಣಾ ವರದಿ ಹೆಚ್ಚು ಉಪಯುಕ್ತ. ಖಾಸಗಿ ಶಾಲೆಗಳ ಸಂಘಟನೆಗೆ ಸೇರಿದ ಶಾಲೆಗಳನ್ನು ಇಂಡಿಪೆಂಡೆಂಟ್ ಸ್ಕೂಲ್ಸ್ ಇನ್‌ಸ್ಪೆಕ್ಟರೇಟ್ ತಪಾಸಣೆ ಮಾಡುತ್ತದೆ, ವರದಿಗಳನ್ನು ಯಾರು ಬೇಕಾದರೂ ಉಚಿತವಾಗಿ ಓದಬಹುದು. 2023ರ ಸೆಪ್ಟೆಂಬರ್‌ನಿಂದ ಅದು ‘ಅತ್ಯುತ್ತಮ’, ‘ಉತ್ತಮ’ ಎಂಬ ಒಂದೇ ಪದದ ತೀರ್ಪನ್ನು ಕೈಬಿಟ್ಟಿತು. ಈಗ ಶಾಲೆ ಮಾನದಂಡಗಳನ್ನು ಪೂರೈಸಿದೆಯೇ ಇಲ್ಲವೇ ಎಂದು ಹೇಳಿ, ವಿವರವನ್ನು ಬಿಡಿಸಿ ಬರೆಯುತ್ತದೆ. ಅವಸರದ ಪಾಲಕರಿಗೆ ಇದು ಕಿರಿಕಿರಿ ಎನಿಸಬಹುದು. ಆದರೆ ಒಂದು ಗಂಟೆ ಕೂತು ಓದಿದರೆ ಮಕ್ಕಳ ಸುರಕ್ಷತೆ, ಬೋರ್ಡಿಂಗ್, ದೂರುಗಳ ನಿರ್ವಹಣೆ ಕುರಿತ ಭಾಗಗಳು ಕೈಪಿಡಿಯ ಮೂವತ್ತು ಪುಟಗಳಿಗಿಂತ ಹೆಚ್ಚು ತಿಳಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡುವುದು ವರ್ಷದ ಲೆಕ್ಕದ ತಪ್ಪು. ಇಂಗ್ಲೆಂಡಿನಲ್ಲಿ ಶಾಲಾ ವರ್ಷ ಸೆಪ್ಟೆಂಬರ್‌ನಲ್ಲಿ ಶುರು. ಮಗು ಯಾವ ತರಗತಿಗೆ ಎಂಬುದನ್ನು ನಿರ್ಧರಿಸುವುದು ಸೆಪ್ಟೆಂಬರ್ 1ಕ್ಕೆ ಅದರ ವಯಸ್ಸು. ಖಾಸಗಿ ಪ್ರೌಢಶಾಲೆಗೆ ಸಾಮಾನ್ಯವಾಗಿ ಸೇರುವುದು ಹನ್ನೊಂದಕ್ಕೆ, ಹದಿಮೂರಕ್ಕೆ, ಇಲ್ಲವೇ ಹದಿನಾರಕ್ಕೆ. ಜಿಸಿಎಸ್‌ಇ ಎರಡು ವರ್ಷದ ಓದು, ಇಯರ್ 10 ಮತ್ತು ಇಯರ್ 11. ಬೆಂಗಳೂರಿನಲ್ಲಿ ಒಂಬತ್ತು ಮುಗಿಸಿ ಹತ್ತಕ್ಕೆ ಕಾಲಿಡುವ ಮಗು ವಯಸ್ಸಿನ ಲೆಕ್ಕದಲ್ಲಿ ಬಹುತೇಕ ಇಯರ್ 11ಕ್ಕೆ, ಅಂದರೆ ಎರಡು ವರ್ಷದ ಓದಿನ ಕೊನೆಯ ವರ್ಷಕ್ಕೆ ಹೋಗಿ ಬೀಳುತ್ತದೆ. ಸಹಪಾಠಿಗಳು ಒಂದು ಇಂಗ್ಲಿಷ್ ನಾಟಕವನ್ನು ಆಗಲೇ ಒಂದು ವರ್ಷ ಓದಿ ಮುಗಿಸಿರುತ್ತಾರೆ, ಈ ಮಗು ಮೊದಲ ಪುಟ ತೆರೆಯಬೇಕು. ಒಂದು ವರ್ಷ ಹಿಂದಿನ ತರಗತಿಗೆ ಹಾಕಿದರೆ ಮಗುವಿಗೆ ಅವಮಾನ. ಹಾಕದಿದ್ದರೆ ಎಂಟು ತಿಂಗಳಲ್ಲಿ ಎರಡು ವರ್ಷದ ಓದು. ಬೋರ್ಡಿಂಗ್ ಈ ಭಾರವನ್ನು ಇಳಿಸುವುದಿಲ್ಲ. ಬದಲಿಗೆ ಮನೆಯ ಆಸರೆಯನ್ನೂ ಕಿತ್ತುಕೊಳ್ಳುತ್ತದೆ. ಇಂಥ ಸಂದರ್ಭದಲ್ಲಿ ತಾಯಿ ಅಥವಾ ತಂದೆ ಒಂದು ವರ್ಷ ಬೆಂಗಳೂರಿನಲ್ಲೇ ಉಳಿದು ಎಸ್ಎಸ್ಎಲ್‌ಸಿ ಮುಗಿದ ಮೇಲೆ ಮಗುವನ್ನು ಸಿಕ್ಸ್ತ್ ಫಾರ್ಮ್‌ಗೆ ಕಳಿಸುವುದು ಮೇಲು. ಕುಟುಂಬ ಒಂದು ವರ್ಷ ಬೇರೆಯಾಗಿರುವುದು ಕಷ್ಟವೇ, ಆದರೆ ಆ ಕಷ್ಟವನ್ನು ಮಗು ಒಂಟಿಯಾಗಿ ಹೊರಬೇಕಿಲ್ಲ.

ಇನ್ನು ಹಣ. 2025ರ ಜನವರಿ 1ರಿಂದ ಬ್ರಿಟನ್ನಿನ ಖಾಸಗಿ ಶಾಲಾ ಶುಲ್ಕದ ಮೇಲೆ ಶೇ. 20ರ ವ್ಯಾಟ್ ಬಂದಿದೆ. ಅದಕ್ಕೂ ಮುಂಚೆಯೇ, 2024ರಲ್ಲಿ, ಬೋರ್ಡಿಂಗ್ ಶುಲ್ಕದ ಸರಾಸರಿ ವರ್ಷಕ್ಕೆ 42 ಸಾವಿರ ಪೌಂಡ್ ದಾಟಿತ್ತು. ವ್ಯಾಟ್ ಸೇರಿದ ಮೇಲೆ ಡೇ ಶುಲ್ಕದ ಸರಾಸರಿಯೇ 22 ಸಾವಿರ ಪೌಂಡ್‌ನ ಆಸುಪಾಸು. ಈಟನ್‌ನಂಥಲ್ಲಿ ವರ್ಷಕ್ಕೆ 60 ಸಾವಿರ ಮೀರುತ್ತದೆ. ಕಂಪನಿ ಶುಲ್ಕ ಕೊಡುತ್ತದೆ ಎಂದು ನೆಚ್ಚಿಕೊಂಡವರು ಇನ್ನೊಂದು ಷರತ್ತನ್ನು ಕಣ್ಣಿಟ್ಟು ಓದಬೇಕು. ಶಾಲೆ ಬಿಡಿಸುವುದಾದರೆ ಪೂರ್ತಿ ಒಂದು ಟರ್ಮ್ ಮುಂಚೆ ಲಿಖಿತ ನೋಟಿಸ್ ಕೊಡಬೇಕು, ಇಲ್ಲವಾದರೆ ಆ ಟರ್ಮಿನ ಶುಲ್ಕ ಕಟ್ಟಬೇಕು ಎಂಬುದು ಬಹುತೇಕ ಶಾಲೆಗಳ ಕರಾರು. ಹದಿನೆಂಟು ತಿಂಗಳ ಪ್ರಾಜೆಕ್ಟ್ ಹದಿನಾಲ್ಕಕ್ಕೇ ಮುಗಿಯಿತು ಎಂದರೆ ಆ ಹೊರೆ ಯಾರ ಮೇಲೆ ಎಂದು ಹೊರಡುವ ಮೊದಲೇ ಕಂಪನಿಯಿಂದ ಬರೆಸಿಕೊಳ್ಳುವುದು ಕ್ಷೇಮ.

ಪಾಲಕರು ಭಾರತದಲ್ಲೇ ಉಳಿದು ಮಗುವನ್ನಷ್ಟೇ ಕಳಿಸುವುದಾದರೆ ಬ್ರಿಟನ್ನಿನಲ್ಲಿರುವ ಗಾರ್ಡಿಯನ್ ಒಬ್ಬರನ್ನು ಶಾಲೆ ಕೇಳುತ್ತದೆ. ಹಾಫ್ ಟರ್ಮ್ ರಜೆಗೆ, ‘ಎಕ್ಸಿಯಾಟ್’ ಎಂದು ಕರೆಯುವ ಕಡ್ಡಾಯ ರಜೆಯ ವಾರಾಂತ್ಯಗಳಿಗೆ ಮಗು ಹೋಗುವುದು ಅವರ ಮನೆಗೇ. ಏಜೀಸ್ ಎಂಬ ಸಂಸ್ಥೆ ಗಾರ್ಡಿಯನ್ ಏಜೆನ್ಸಿಗಳನ್ನು ಪರಿಶೀಲಿಸಿ ಮಾನ್ಯತೆ ಕೊಡುತ್ತದೆ. ಅದನ್ನು ನೋಡದೆ ಪರಿಚಯದವರ ಪರಿಚಯದವರಿಗೆ ಮಗುವನ್ನು ಒಪ್ಪಿಸುವುದು ತಪ್ಪು. ಪಾಲಕರೇ ವರ್ಕ್ ವೀಸಾದ ಮೇಲೆ ಜೊತೆಗೆ ಬಂದಿದ್ದರೆ ಮಗುವಿಗೆ ಸರ್ಕಾರಿ ಶಾಲೆ ಉಚಿತ. ರೆಡಿಂಗ್, ಸ್ಲೌ ಸುತ್ತಮುತ್ತ ನೆಲೆಸುವ ಐಟಿ ಕುಟುಂಬಗಳು ಪರೀಕ್ಷೆ ನಡೆಸಿ ಸೇರಿಸಿಕೊಳ್ಳುವ ಸರ್ಕಾರಿ ಗ್ರಾಮರ್ ಸ್ಕೂಲ್‌ಗಳತ್ತ ನೋಡುವುದು ಅದಕ್ಕೇ. ಆದರೆ ಆ ಪ್ರವೇಶ ಪರೀಕ್ಷೆ ಇಯರ್ 6ರ ಆರಂಭದಲ್ಲೇ ನಡೆಯುತ್ತದೆ. ಅಕ್ಟೋಬರ್‌ನಲ್ಲಿ ವಿಮಾನ ಇಳಿದವರಿಗೆ ಆ ವರ್ಷ ಸಿಗುವುದಿಲ್ಲ. ಖಾಸಗಿ ಶಾಲೆಯ ಆಯ್ಕೆ ಎಷ್ಟೋ ಮನೆಗಳಲ್ಲಿ ಹೀಗೆ ಇಷ್ಟಕ್ಕಿಂತ ಹೆಚ್ಚಾಗಿ ಕ್ಯಾಲೆಂಡರಿನ ಒತ್ತಡದಿಂದ ಆಗುತ್ತದೆ.

ಮರಳಿ ಬರುವ ದಾರಿಯನ್ನಂತೂ ಯಾರೂ ಯೋಚಿಸುವುದಿಲ್ಲ. ಕರ್ನಾಟಕದ ಸಿಇಟಿಯಲ್ಲಿ ಸರ್ಕಾರಿ ಸೀಟಿಗೆ ಸಾಮಾನ್ಯ ಅಭ್ಯರ್ಥಿಗಿರುವ ಮೊದಲ ಅರ್ಹತೆಯೆಂದರೆ ಒಂದನೇ ತರಗತಿಯಿಂದ ದ್ವಿತೀಯ ಪಿಯುಸಿ ನಡುವೆ ಕನಿಷ್ಠ 7 ವರ್ಷ ರಾಜ್ಯದಲ್ಲಿ ಓದಿರುವುದು, ಎಸ್ಎಸ್ಎಲ್‌ಸಿ ಇಲ್ಲವೇ ದ್ವಿತೀಯ ಪಿಯುಸಿಯನ್ನು ಇಲ್ಲೇ ಪಾಸು ಮಾಡಿರುವುದು. ಬೇರೆ ಉಪನಿಯಮಗಳೂ ಇವೆ. ಎಂಟು ವರ್ಷ ಬೆಂಗಳೂರಿನಲ್ಲಿ ಓದಿ, ಜಿಸಿಎಸ್‌ಇ, ಎ ಲೆವೆಲ್ ಎರಡನ್ನೂ ಇಂಗ್ಲೆಂಡಿನಲ್ಲಿ ಮಾಡಿದ ಮಗು ಈ ಮೊದಲ ನಿಯಮದಲ್ಲೇ ಹೊರಗುಳಿಯುತ್ತದೆ. ಅಲ್ಲೇ ಪದವಿ ಓದುತ್ತೇನೆಂದರೂ, ಕಾಯಂ ವಾಸದ ಅನುಮತಿ ಇನ್ನೂ ಸಿಗದ ಕುಟುಂಬದ ಮಗು ಸಾಮಾನ್ಯವಾಗಿ ವಿದೇಶಿ ವಿದ್ಯಾರ್ಥಿಯ ಶುಲ್ಕವನ್ನೇ ಕಟ್ಟಬೇಕು. ಹೀಗೆ ಎರಡೂ ಕಡೆ ಅನ್ಯವಾಗುವ ಸಾಧ್ಯತೆಯನ್ನು ಪ್ರವೇಶದ ದಿನ ಯಾವ ಏಜೆಂಟನೂ ಹೇಳುವುದಿಲ್ಲ.

ಬೋರ್ಡಿಂಗ್ ಮಗುವಿನ ಮನಸ್ಸಿಗೆ ಏನು ಮಾಡುತ್ತದೆ ಎಂಬ ಚರ್ಚೆ ಇಂಗ್ಲೆಂಡಿನಲ್ಲೇ ಬಹಳ ವರ್ಷಗಳಿಂದ ನಡೆಯುತ್ತಿದೆ. ರೋಲ್ಡ್ ಡಾಲ್ 1984ರಲ್ಲಿ ಬರೆದ ‘ಬಾಯ್’ ಎಂಬ ನೆನಪುಗಳಲ್ಲಿ, ಒಂಬತ್ತರ ವಯಸ್ಸಿನಲ್ಲಿ ಹಾಸ್ಟೆಲಿನ ಹಾಸಿಗೆಯಲ್ಲಿ ಮನೆಯ ದಿಕ್ಕಿಗೆ ಮುಖಮಾಡಿಯೇ ಮಲಗುತ್ತಿದ್ದುದನ್ನು, ಮನೆಗೆ ಹೋಗಲು ಅಪೆಂಡಿಸೈಟಿಸ್ ಬಂದಂತೆ ನಟಿಸಿದ್ದನ್ನು ಹೇಳುತ್ತಾರೆ. ಮನೋಚಿಕಿತ್ಸಕಿ ಜಾಯ್ ಶಾವೇರಿಯನ್ 2015ರಲ್ಲಿ ‘ಬೋರ್ಡಿಂಗ್ ಸ್ಕೂಲ್ ಸಿಂಡ್ರೋಮ್’ ಎಂಬ ಪುಸ್ತಕವನ್ನೇ ಬರೆದರು. ಇಂದಿನ ಬೋರ್ಡಿಂಗ್ ಅಂದಿನದಲ್ಲ ಎಂಬುದೂ ನಿಜ. ಸರ್ಕಾರದ ಕನಿಷ್ಠ ಮಾನದಂಡಗಳಿವೆ, ಮಕ್ಕಳು ಪ್ರತಿದಿನ ಮನೆಯವರ ಮುಖ ನೋಡಿ ಮಾತಾಡಬಹುದು. ಹಾಸ್ಟೆಲ್ ನಮಗೂ ಹೊಸದಲ್ಲ. ಸಿದ್ಧಗಂಗೆಯ ಮಠದಲ್ಲಿ, ನವೋದಯ, ಮೊರಾರ್ಜಿ ದೇಸಾಯಿ ವಸತಿ ಶಾಲೆಗಳಲ್ಲಿ ಓದಿ ಮೇಲೆ ಬಂದ ಸಾವಿರಾರು ಮಂದಿ ನಮ್ಮ ಸುತ್ತ ಇದ್ದಾರೆ. ಆದರೆ ಅಲ್ಲಿ ಮಗುವಿನ ಪಕ್ಕದ ಹಾಸಿಗೆಯಲ್ಲಿ ಅದರ ಭಾಷೆ ಮಾತಾಡುವ, ಅದರಂತೆಯೇ ಹಸಿವೆಯನ್ನು ಬಲ್ಲ ಇನ್ನೊಂದು ಮಗು ಇರುತ್ತಿತ್ತು. ಇಂಗ್ಲೆಂಡಿನ ಹೌಸ್‌ನಲ್ಲಿ ಕನ್ನಡದ ಮಗು ಬಹುತೇಕ ಒಬ್ಬನೇ, ಒಬ್ಬಳೇ. ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿಯ ಡಬ್ಬಿಯನ್ನು ಊಟದ ಮೇಜಿನ ಮೇಲೆ ಧೈರ್ಯವಾಗಿ ತೆರೆಯಬಲ್ಲ ಮಗು ಅಲ್ಲಿ ಬದುಕುತ್ತದೆ. ಕಪಾಟಿನಲ್ಲಿ ಬಚ್ಚಿಟ್ಟುಕೊಳ್ಳುವ ಮಗುವನ್ನು ಸ್ವಲ್ಪ ಕಾಲವಾದರೂ ಮನೆಯಿಂದಲೇ ಕಳಿಸಬೇಕು.

ಹಾಗಾಗಿ ಈ ವ್ಯವಸ್ಥೆಯ ಕುರಿತ ತೀರ್ಮಾನ ಹೀಗೆ: ಕುಟುಂಬ ಇಂಗ್ಲೆಂಡಿನಲ್ಲೇ ಇರುವುದಾದರೆ, ಮಿಶ್ರ ಶಾಲೆಯಲ್ಲಿ ಮೊದಲ ವರ್ಷ ಡೇ ಸ್ಕಾಲರ್ ಆಗಿ ಸೇರಿಸಿ, ಮಗು ತಾನೇ ಕೇಳಿದರೆ ಮಾತ್ರ ವಾರಕ್ಕೆರಡು ರಾತ್ರಿ ಉಳಿಸುವುದು ಒಳ್ಳೆಯದು. ಇಂಥ ಶಾಲೆಗಳ ನಿಜವಾದ ಲಾಭ ಈ ಸಡಿಲತೆಯಲ್ಲಿದೆ. ಕುಟುಂಬ ಊರಲ್ಲೇ ಇದ್ದು ಮಗುವಷ್ಟೇ ಹೋಗುವುದಾದರೆ ಹದಿನಾರಕ್ಕೆ ಮುಂಚೆ ಬೇಡ. ಎರಡೂ ಸಂದರ್ಭದಲ್ಲಿ ಶಾಲೆ ಕರೆದ ಓಪನ್ ಡೇ ದಿನವಷ್ಟೇ ಹೋಗಿ ಬರಬೇಡಿ. ಶನಿವಾರ ಸಂಜೆ ಹೋಗಲು ಅನುಮತಿ ಕೇಳಿ. ನಮ್ಮ ಮಗುವಿನ ತರಗತಿಯ ಎಷ್ಟು ಮಕ್ಕಳು ಈ ರಾತ್ರಿ ಇಲ್ಲಿ ಮಲಗುತ್ತಾರೆ, ರಾತ್ರಿ ಜ್ವರ ಬಂದರೆ ಯಾರ ಬಾಗಿಲು ತಟ್ಟಬೇಕು ಎಂದು ವಿಚಾರಿಸಿ. ಬಾಗಿಲು ಯಾವುದೆಂದು ಅಲ್ಲಿನ ಮಗುವೇ ಬೊಟ್ಟುಮಾಡಿ ತೋರಿಸಿದರೆ ಆ ಶಾಲೆಗೆ ಅರ್ಜಿ ಹಾಕಿ.