‘ಕೈ’ಗಿಂತ ಮೊದಲು ‘ಅವನು’: ಕುರ್‌ಆನಿನ ದೇವಗುಣಗಳು ಮತ್ತು ಕನ್ನಡದ ಲಿಂಗವ್ಯವಸ್ಥೆ

ಕುರ್‌ಆನಿನಲ್ಲಿ ದೇವರಿಗೆ ಹೇಳಲಾದ ಕೈ, ಮುಖ, ಕಣ್ಣುಗಳನ್ನು ವಾಚ್ಯಾರ್ಥದಲ್ಲಿ ಗ್ರಹಿಸಬೇಕೆ, ಲಕ್ಷ್ಯಾರ್ಥದಲ್ಲಿ ಗ್ರಹಿಸಬೇಕೆ ಎಂಬುದು ಅರಬ್ಬೀ ವ್ಯಾಖ್ಯಾನ ಪರಂಪರೆಯ ಹಳೆಯ ಚರ್ಚೆ. ಮುಅ್‌ತಝಿಲಾ ಪಂಥದವರು ‘ಕೈ’ ಎಂದರೆ ಸಾಮರ್ಥ್ಯ ಅಥವಾ ಅನುಗ್ರಹ ಎಂದರು. ಮತ್ತೆ ಕೆಲವರು ‘ಹೇಗೆ’ ಎಂದು ಕೇಳದೆ, ‘ಬಿಲಾ ಕೈಫ್’, ಪದವನ್ನು ಇದ್ದಂತೆಯೇ ಒಪ್ಪಿದರು. ಕನ್ನಡಾನುವಾದವನ್ನು ವಿಮರ್ಶಿಸುವಾಗಲೂ ದೃಷ್ಟಿ ಈ ನಾಮಪದಗಳ ಮೇಲೆಯೇ ನೆಡುವುದು ಸಹಜ. ಆದರೆ ಕನ್ನಡದಲ್ಲಿ ಮಾನವಸಾದೃಶ್ಯದ ಪ್ರಶ್ನೆ ನಾಮಪದಕ್ಕೂ ಮೊದಲೇ, ಸರ್ವನಾಮ ಮತ್ತು ಆಖ್ಯಾತಪ್ರತ್ಯಯಗಳಲ್ಲಿಯೇ ಹುಟ್ಟುತ್ತದೆ ಎಂಬುದು ನಮ್ಮ ವಾದ.

ಮೊದಲು ನಾಮಪದವನ್ನೇ ನೋಡೋಣ. ‘ಯದ್’ (ಕೈ) ಎಂಬುದು ದೇವರಿಗೆ ಸಂಬಂಧಿಸಿ 48:10ರಲ್ಲಿ ಏಕವಚನದಲ್ಲಿಯೂ, 5:64 ಮತ್ತು 38:75ರಲ್ಲಿ ದ್ವಿವಚನದಲ್ಲಿಯೂ, 36:71ರಲ್ಲಿ ಬಹುವಚನದಲ್ಲಿಯೂ ಬಂದಿದೆ. ಅಲ್-ಅಶ್‌ಅರೀಯ ಹೆಸರಿನಲ್ಲಿರುವ ‘ಅಲ್-ಇಬಾನ’ ಗ್ರಂಥವು ದ್ವಿವಚನವನ್ನೇ ಪ್ರಮಾಣವಾಗಿ ಎತ್ತಿಕೊಳ್ಳುತ್ತದೆ: ಕೈಯೆಂದರೆ ಸಾಮರ್ಥ್ಯವಾದರೆ, ಸಾಮರ್ಥ್ಯಗಳು ಎರಡಾದಾವೇ? 38:75ನ್ನು ‘ಸಾಮರ್ಥ್ಯದಿಂದ’ ಎಂದು ಅನುವಾದಿಸಿದರೆ ಈ ವಾದದ ಆಧಾರವೇ ಓದುಗರಿಗೆ ಕಾಣದಾಗುತ್ತದೆ. ‘ಎರಡು ಕೈಗಳಿಂದ’ ಎಂದರೂ ತೊಡಕು ತಪ್ಪದು. ‘ಕೈ ಮುಗಿ’, ‘ಕಣ್ಣು ಮುಚ್ಚು’ ಎಂಬಲ್ಲಿ ಜೋಡಿ ಅಂಗಗಳನ್ನು ಏಕವಚನದಲ್ಲಿಯೇ ಹೇಳುವ ಕನ್ನಡದಲ್ಲಿ, ಸಂಖ್ಯಾವಾಚಕ ಬಂದೊಡನೆ ಎಣಿಕೆಗೇ ಒತ್ತು ಬೀಳುತ್ತದೆ. ‘ಕೈಯಾರೆ’ ಎಂಬುದು ‘ತಾನೇ ಮಾಡಿದ’ ಎಂಬ ಭಾವವನ್ನು ಸೊಗಸಾಗಿ ಹಿಡಿಯುತ್ತದೆ. ಆದರೆ ವಚನವನ್ನು ಕಳೆದುಕೊಳ್ಳುತ್ತದೆ.

ಇದಕ್ಕಿಂತ ಆಳವಾದುದು ಸರ್ವನಾಮದ ಸಮಸ್ಯೆ. ಅರಬ್ಬಿಯ ‘ಹುವ’ ವ್ಯಾಕರಣಲಿಂಗವನ್ನು ಮಾತ್ರ ಸೂಚಿಸುತ್ತದೆ. ‘ಕಿತಾಬ್’ (ಪುಸ್ತಕ), ‘ಕಮರ್’ (ಚಂದ್ರ) ಪದಗಳಿಗೂ ಅದೇ ಸರ್ವನಾಮ. ಕನ್ನಡದ ಲಿಂಗವಾದರೋ ಕೇಶಿರಾಜನು ನಿರೂಪಿಸಿದಂದಿನಿಂದಲೂ ಅರ್ಥಾನುಸಾರಿ. ‘ಅವನು’ ಎಂದೊಡನೆ ಮನುಷ್ಯತ್ವವೂ ಪುರುಷತ್ವವೂ ಒಟ್ಟಿಗೆ ಬರುತ್ತವೆ. ‘ಕೈ’ಯನ್ನು ‘ಸಾಮರ್ಥ್ಯ’ವಾಗಿಸಿದ ಅನುವಾದಕನೂ ಅದೇ ವಾಕ್ಯದ ‘ಹೇಳಿದನು’ ಎಂಬ ಕ್ರಿಯಾಪದದಲ್ಲಿ ಮಾನವರೂಪವನ್ನು ಉಳಿಸಿಯೇ ಇರುತ್ತಾನೆ.

ಶಿವಮೊಗ್ಗ ನಗರದಲ್ಲಿಯೂ ಭದ್ರಾವತಿಯಲ್ಲಿಯೂ ಉರ್ದು ಮನೆಮಾತಾಗಿ, ಕನ್ನಡ ಶಾಲೆ ಮತ್ತು ಪೇಟೆಯ ಮಾತಾಗಿರುವ ಕುಟುಂಬಗಳಿವೆ. ಉರ್ದುವಿನ ‘ವೋ’ ಲಿಂಗವನ್ನು ಸೂಚಿಸದು; ಅಲ್ಲಿನ ಪುಲ್ಲಿಂಗ ಕ್ರಿಯಾರೂಪ ‘ಘರ್’ (ಮನೆ), ‘ಪತ್ಥರ್’ (ಕಲ್ಲು) ಪದಗಳಿಗೂ ಸಲ್ಲುತ್ತದೆ. ಆದ್ದರಿಂದ ಈ ದ್ವಿಭಾಷಿಕರು ಕನ್ನಡದ ‘ಅವನು’ವನ್ನು ಉರ್ದುವಿನ ಅಭ್ಯಾಸದಿಂದ ಹಗುರಾಗಿ ಓದಿಕೊಳ್ಳಬಹುದು, ಕನ್ನಡವೊಂದನ್ನೇ ಬಲ್ಲ ನೆರೆಮನೆಯವರಿಗೆ ಆ ಅನುಕೂಲವಿಲ್ಲ. ಒಂದೇ ವಾಕ್ಯದಿಂದ ಎರಡು ಮನೆಗಳಲ್ಲಿ ಎರಡು ಬಗೆಯ ದೇವಕಲ್ಪನೆ ಮೂಡುವ ಸಾಧ್ಯತೆಯಿದೆ. ಇದು ನಮ್ಮ ಊಹೆ. ಕ್ಷೇತ್ರಕಾರ್ಯದಿಂದಲೇ ಇದನ್ನು ಪರೀಕ್ಷಿಸಬೇಕು.

ಅನುವಾದಕರ ಮುಂದಿರುವ ದಾರಿಗಳು ಮೂರು. ‘ಅವನು’ ಏಕತ್ವವನ್ನು ಕಾಯುತ್ತದೆ, ಪುರುಷತ್ವವನ್ನು ತರುತ್ತದೆ. ‘ದೇವರು’ ಪದಕ್ಕೆ ಒಗ್ಗುವ ‘ಅವರು’ ಲಿಂಗವನ್ನು ಬಿಡುತ್ತದೆ. ಆದರೆ ಅದರ ಬಹುವಚನರೂಪ ಏಕದೇವತತ್ತ್ವಕ್ಕೆ ಹೊಂದದು. ‘ಅದು’ ಮಾನವತ್ವದೊಡನೆ ನುಡಿಯುವ, ಇಚ್ಛಿಸುವ ವ್ಯಕ್ತಿತ್ವವನ್ನೂ ಅಳಿಸುತ್ತದೆ. ಇವುಗಳಲ್ಲಿ ‘ಅವನು’ವೇ ಅಲ್ಪದೋಷವೆಂದು ನಾವೂ ಒಪ್ಪುತ್ತೇವೆ. ಆದರೆ ಅದೊಂದು ಆಯ್ಕೆಯೆಂಬುದನ್ನು ಮುನ್ನುಡಿಯಲ್ಲಿ ಹೇಳಬೇಕು, ಮೂಲದಲ್ಲಿ ‘ಕೈ’ ಇದ್ದಲ್ಲಿ ‘ಕೈ’ಯೇ ಇರಬೇಕು, ವಚನಭೇದವೂ ವ್ಯಾಖ್ಯಾನವೂ ಅಡಿಟಿಪ್ಪಣಿಗೆ ಸೇರಬೇಕು. ದೇವರಿಗೆ ಸದೃಶವಾದುದು ಯಾವುದೂ ಇಲ್ಲವೆನ್ನುವ 42:11ನ್ನೂ ಕನ್ನಡವು ಮನುಷ್ಯರಿಗೆ ಬಳಸುವ ಸರ್ವನಾಮದಿಂದಲೇ ಹೇಳಬೇಕಾಗಿರುವಾಗ, ಮಾನವಸಾದೃಶ್ಯದ ಚರ್ಚೆಯನ್ನು ‘ಕೈ’ಯೊಂದಕ್ಕೇ ಸೀಮಿತಗೊಳಿಸುವುದು ಸಾಲದು.